ತೊಟ್ಟಿಯಲ್ಲಿ ಉಳಿದ ನೀರು

ಫೆಬ್ರವರಿ ೬

ಬೂಷ್ಟಮ್ಮನಿಗೆ,

ಫೋನ್ ಮಾಡಿದ್ದೆಯಂತೆ. ಪಕ್ಕದ ಮನೆಯಾಕೆ ಎತ್ತಿಕೊಂಡು, ನೀನು ಹೇಳಿದ್ದನ್ನೆಲ್ಲ ನನ್ನ ಬಲಗಿವಿಗೆ ಕೂಗಿ ಹೇಳಿದಳು. ಅವಳು ಕೂಗಿದ್ದು ನನಗಿಂತ ಬೀದಿಗೆ ಚೆನ್ನಾಗಿ ಕೇಳಿಸಿತು. ಸಂಜೆ ಹೂವಿನ ಲಾರಿಯವನು ಬಂದು, "ಯಜಮಾನ್ರಿಗೆ ಇನ್ನೂ ಜ್ವರ ಬಿಟ್ಟಿಲ್ವಂತೆ?" ಎಂದು ವಿಚಾರಿಸಿದ. ಇಪ್ಪತ್ತು ವರ್ಷ ಬೆನ್ನ ಮೇಲೆ ಔಷಧಿ ಹೊಡೆಯುವ ಮೋಟಾರು ಹೊತ್ತವಳ ಕಿವಿಯಿಂದ ಇನ್ನೇನು ನಿರೀಕ್ಷೆ ಮಾಡುತ್ತೀಯ? ಮೆಸೇಜು ಮಾಡೋಣವೆಂದರೆ, ದಡ್ಡುಗಟ್ಟಿದ ನನ್ನ ಬೆರಳನ್ನು ಆ ಫೋನಿನ ಗಾಜು ಗುರುತೇ ಹಿಡಿಯುವುದಿಲ್ಲ. ಇನ್ನು ಮೇಲೆ ಕಾಗದ ಬರೆ. ನಾನೂ ಬರೆಯುತ್ತೇನೆ.

ನಾನು ಈಗ ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತಿರಬೇಕಿತ್ತು. ಆದರೆ ಲಿಲ್ಲಿ ಗೆಡ್ಡೆ ಬಂದಿಳಿದಿದೆ, ಅರವತ್ತು ಪೆಟ್ಟಿಗೆ. ಎಂಟು ದಿನದೊಳಗೆ ಔಷಧಿಯಲ್ಲಿ ಅದ್ದಿ ನೆಡದಿದ್ದರೆ ಕೊಳೆತು ಹೋಗುತ್ತವೆ. "ಹೋಗು, ಗೆಡ್ಡೆ ನೋಡ್ಕೋ. ನನ್ನ ನೋಡ್ಕೊಳ್ಳೋಕೆ ತಂಗಿ ಇದ್ದಾಳೆ" ಎಂದು ನಿನ್ನ ಅಣ್ಣನೇ ನನ್ನನ್ನು ಅಟ್ಟಿದರು. ಅವರ ಮಾತು ಸುಳ್ಳಲ್ಲವಲ್ಲ. ಎರಡು ವರ್ಷದ ಹಿಂದೆ ನಿನ್ನದೊಂದು ಕಿಡ್ನಿಯನ್ನು ಅಣ್ಣನಿಗೆ ಕೊಟ್ಟು, ಎಂಟನೇ ದಿನ ಎದ್ದು ಕೂತು, "ಅತ್ತಿಗೆ, ಇನ್ನು ಅಣ್ಣ ನನ್ನ ಮಾತು ಕೇಳ್ಲೇಬೇಕು, ಒಳಗೆ ನಮ್ಮ ಕಡೆಯವರೊಬ್ಬರು ಇದ್ದಾರೆ" ಎಂದು ನಗಿಸಿದವಳು ನೀನು. ಆಮೇಲೆ ಇವತ್ತಿನವರೆಗೆ ಆ ಮಾತನ್ನು ನೀನಾಗಿ ಒಂದು ಸಲವೂ ಎತ್ತಿಲ್ಲ. ಅದಕ್ಕೇ ನಾನು ಎತ್ತುತ್ತಿದ್ದೇನೆ. ನಿನ್ನಂಥವಳನ್ನು ನಾನು ಬೇರೆ ಕಡೆ ಕಂಡಿಲ್ಲ.

ಒಂದು ಮಾತ್ರ ತಿಳಿಸಿ ಹೇಳು. ಅವರ ಶ್ವಾಸಕೋಶದಲ್ಲಿ ಬೂಷ್ಟು ಬೆಳೆದಿದೆ ಎಂದರು ಡಾಕ್ಟರು. ಬೂಷ್ಟು ಹಳೇ ಬ್ರೆಡ್ಡಿಗೆ ಬರುತ್ತದೆ, ಒದ್ದೆ ಗೋಡೆಗೆ ಬರುತ್ತದೆ. ಉಸಿರಾಡುವ ಮನುಷ್ಯನಿಗೂ ಬರುತ್ತದೆಯೇ? ಲ್ಯಾಬಿನಲ್ಲಿ ಬೂಷ್ಟು ಬೆಳೆಸಿ ಸಂಬಳ ತಗೊಳ್ಳುತ್ತೀಯ ಎಂದು ಇಷ್ಟು ವರ್ಷ ನಿನ್ನನ್ನು ರೇಗಿಸಿದ್ದೇ ಬಂತು, ಒಂದು ದಿನವಾದರೂ ಕೂತು ಕೇಳಲಿಲ್ಲ.

ಇಂತಿ, ಕಿವಿ ಹೋದರೂ ಬಾಯಿ ಹೋಗದ
ನಿನ್ನ ಅತ್ತಿಗೆ


ಫೆಬ್ರವರಿ ೧೪

ಅತ್ತಿಗೆ,

ಬೂಷ್ಟಿನ ಕಣಗಳು ಎಲ್ಲ ಕಡೆ ಗಾಳಿಯಲ್ಲಿ ಇರುತ್ತವೆ. ನೀವೂ ನಾನೂ ದಿನಾ ನೂರಾರು ಎಳೆದುಕೊಳ್ಳುತ್ತೇವೆ, ಮೈ ಅವನ್ನು ಅಲ್ಲಿಂದಲ್ಲಿಗೇ ಮುಗಿಸುತ್ತದೆ. ಆದರೆ ಹೊಸ ಕಿಡ್ನಿಯನ್ನು ಮೈ ಹೊರದಬ್ಬದಿರಲಿ ಎಂದು ಅಣ್ಣ ತೆಗೆದುಕೊಳ್ಳುವ ಮಾತ್ರೆಗಳು ಮೈಯ ಕಾವಲನ್ನೇ ಸಡಿಲ ಮಾಡಿಬಿಡುತ್ತವೆ. ಹಾಗಾಗಿ ಒಳಹೊಕ್ಕ ಬೂಷ್ಟು ಅಲ್ಲೇ ಬೇರುಬಿಟ್ಟಿದೆ. ಅದಕ್ಕೆ ಒಳ್ಳೆಯ ಮಾತ್ರೆ ಇದೆ, ಕೊಡುತ್ತಿದ್ದಾರೆ. ಎರಡು ವಾರದಲ್ಲಿ ಹಿಡಿತಕ್ಕೆ ಬರಬೇಕಿತ್ತು. ಇನ್ನೂ ಬಂದಿಲ್ಲ. ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ.

ಅಣ್ಣನ ಬಾಯಿ ಮಾತ್ರ ಗಟ್ಟಿಯಾಗಿದೆ. ಈ ವಾರ್ಡಿಗೆ ನಿಜವಾದ ಹೂ ತರುವಂತಿಲ್ಲ, ಹಾಗಾಗಿ ನರ್ಸು ಕಿಟಕಿಯಲ್ಲಿ ಕಾಗದದ ಲಿಲ್ಲಿ ಇಟ್ಟಿದ್ದಾರೆ. ಅಣ್ಣ ಅದನ್ನು ಐದು ನಿಮಿಷ ನೋಡಿ, "ಎಲೆ ಚುಕ್ಕೆ ಇಲ್ಲ, ಕಾಂಡ ನೆಟ್ಟಗಿದೆ. ಆದ್ರೆ ನಮ್ಮನೆಯವಳು ಇದನ್ನ ಮೊದಲ ದರ್ಜೆಗೆ ಹಾಕಲ್ಲ" ಎಂದ.

ನಿಮ್ಮಿಂದ ಒಂದು ಕೆಲಸ ಆಗಬೇಕು. ಗಾಜಿನ ಮನೆಯ ಹಿಂದೆ, ಕೊಳೆತ ಗೆಡ್ಡೆ, ಕತ್ತರಿಸಿದ ಕಾಂಡ ಎಲ್ಲ ಹಾಕುತ್ತೀರಲ್ಲ, ಆ ಗೊಬ್ಬರದ ರಾಶಿಯಿಂದ ಒಂದು ಚಮಚದಷ್ಟು ತೆಗೆದು ಕಳಿಸಿ. ಲ್ಯಾಬಿನಲ್ಲಿ ಹೋಲಿಸಿ ನೋಡಬೇಕು. ಮೂಗು ಬಾಯಿಗೆ ಭದ್ರವಾಗಿ ಮಾಸ್ಕ್ ಹಾಕಿಕೊಂಡೇ ಹತ್ತಿರ ಹೋಗಿ, ಮರೆಯಬೇಡಿ.

ನಿಮ್ಮ
ಬೂಷ್ಟಮ್ಮ


ಫೆಬ್ರವರಿ ೨೦

ಬೂಷ್ಟಮ್ಮ,

ನೀನು ಒಂದು ಚಮಚ ಕೇಳಿದ್ದೆ. ನಾಲ್ಕು ಜ್ಯಾಮ್ ಬಾಟಲಿ ಕಳಿಸಿದ್ದೇನೆ. ರಾಶಿ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ ಕಣೆ. ಮೇಲೆ ಒಣಗಿರುತ್ತದೆ, ಮೊಣಕೈಯಾಳಕ್ಕೆ ಬೆಚ್ಚಗಿರುತ್ತದೆ, ನಡುವೆ ಕೈ ಇಡಲಾಗದಷ್ಟು ಬಿಸಿ, ತಳದಲ್ಲಿ ತಣ್ಣಗೆ ಕಪ್ಪಗೆ. ಅದಕ್ಕೇ ನಾಲ್ಕೂ ಕಡೆಯಿಂದ ತೆಗೆದೆ. ಒಂದೊಂದಕ್ಕೂ ಬೇರೆ ಚಮಚ, ಚಮಚಗಳನ್ನೂ ಬಾಟಲಿಗಳನ್ನೂ ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿದ್ದೆ. ಯಾವುದು ಎಲ್ಲಿಯದು, ಎಷ್ಟು ಆಳ, ಎಷ್ಟು ಹೊತ್ತಿಗೆ ತೆಗೆದದ್ದು ಎಂದು ಚೀಟಿ ಅಂಟಿಸಿದ್ದೇನೆ. ಮಾಸ್ಕ್ ಹಾಕಿದ್ದೆ, ಬೈಯಬೇಡ.

ನೀರಿನ ವಿಷಯವನ್ನೂ ಬರೆದುಬಿಡುತ್ತೇನೆ, ಹೋಲಿಸುವಾಗ ನಿನಗೆ ಗೊಂದಲವಾಗಬಾರದು. ಗೆಡ್ಡೆಗೆ ಬೂಷ್ಟು ಹತ್ತದಿರಲಿ ಎಂದು ನೆಡುವ ಮುಂಚೆ ಔಷಧಿಯ ತೊಟ್ಟಿಯಲ್ಲಿ ಅದ್ದುತ್ತೇವಲ್ಲ, ದಿನದ ಕೊನೆಗೆ ಆ ತೊಟ್ಟಿಯಲ್ಲಿ ಒಂದಷ್ಟು ನೀರು ಉಳಿಯುತ್ತದೆ. ಬೇರೆಯವರು ಚರಂಡಿಗೆ ಬಿಡುತ್ತಾರೆ. ಚರಂಡಿ ಹೋಗಿ ಸೇರುವುದು ಕಾಲುವೆಗೆ, ಅಲ್ಲಿ ಬಾತುಕೋಳಿ ಇವೆ, ದನ ಬಾಯಿ ಹಾಕುತ್ತವೆ, ಕೆಳಗಿನ ಓಣಿಯವರು ಬಟ್ಟೆ ಒಗೆಯುತ್ತಾರೆ. ನನಗೆ ಮನಸ್ಸು ಬರಲಿಲ್ಲ. ಎರಡು ಬಕೆಟ್ಟಿಗೆ ತುಂಬಿ, ನಲವತ್ತೆರಡು ಹೆಜ್ಜೆ ನಡೆದು, ರಾಶಿಯ ಮೇಲೆ ಸುರಿದುಬಿಡುವುದು ನಮ್ಮ ಪದ್ಧತಿ. ಹನ್ನೊಂದು ವರ್ಷದಲ್ಲಿ ಒಂದು ಹನಿಯೂ ಕಾಲುವೆ ಸೇರಿಲ್ಲ. ಯಾವ ಔಷಧಿ, ಎಷ್ಟು, ಯಾವ ದಿನ ಎಂದು ಎಲ್ಲವೂ ನನ್ನ ಪುಸ್ತಕದಲ್ಲಿದೆ. ಇದೊಂದು ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇದೆ ಅಂತಲೇ ಇಟ್ಟುಕೋ.

ನಿನ್ನ ಅಣ್ಣನಿಗೆ ರಾಶಿಯ ಮೇಲೆ ಎಷ್ಟು ಅಕ್ಕರೆ ಎಂದು ಗೊತ್ತಲ್ಲ. ಆಪರೇಷನ್ ಆದಮೇಲೆ ಭಾರ ಎತ್ತಬಾರದು, ಮಣ್ಣು ಮುಟ್ಟಬಾರದು ಎಂದರು. ಸುಮ್ಮನೆ ಕೂರಿಸಿದರೆ ಮನುಷ್ಯ ಬಾಡಿಹೋಗುತ್ತಾರೆ ಎಂದು ನಾನೇ ಉದ್ದ ಹಿಡಿಯ ಕವೆಗೋಲು ಕೊಟ್ಟು, ರಾಶಿ ತಿರುವಿ ಹಾಕುವ ಹಗುರ ಕೆಲಸಕ್ಕೆ ಹಚ್ಚಿದೆ. ಕೈಗವಸು ಹಾಕಿಸಿದ್ದೆ. ಕೋಲಿನ ತುದಿಯಲ್ಲಿ ಕೆದಕಿದರೆ ಮಣ್ಣು ಮುಟ್ಟಿದಂತಾಗುವುದಿಲ್ಲವಲ್ಲ. ಬೆಳಗಿನ ಚಳಿಯಲ್ಲಿ ರಾಶಿಯಿಂದ ಹಬೆ ಏಳುವಾಗ ಅದರ ಪಕ್ಕ ನಿಂತು, "ನಮ್ಮ ಬಾಯ್ಲರ್ ಚೆನ್ನಾಗಿ ಉರೀತಿದೆ" ಎನ್ನುತ್ತಿದ್ದರು.

ಅಲ್ಲ, ರಾಶಿಯನ್ನು ಯಾವುದರ ಜೊತೆ ಹೋಲಿಸುತ್ತೀಯ?

ನಿನ್ನ
ಅತ್ತಿಗೆ


ಮಾರ್ಚ್ ೨

ಅತ್ತಿಗೆ,

ಬಾಟಲಿಗಳು ಒಂದೂ ಒಡೆಯದೆ ಬಂದವು. ನಮ್ಮ ಹಿರಿಯ ಡಾಕ್ಟರು ಚೀಟಿಗಳನ್ನು ಓದಿ, "ಇವರು ಯಾವ ಲ್ಯಾಬಲ್ಲಿದ್ದಾರೆ?" ಎಂದು ಕೇಳಿದರು. "ಹೂ ಬೆಳೀತಾರೆ ಸಾರ್, ನಮ್ಮತ್ತಿಗೆ" ಎಂದೆ. ಅವರು ಕನ್ನಡಕ ತೆಗೆದು ಮತ್ತೊಂದು ಸಲ ಓದಿದರು. ತರಬೇತಿಗೆ ಬಂದ ಹುಡುಗಿಯರಿಗೆಲ್ಲ ಆ ಚೀಟಿ ತೋರಿಸಿದ್ದೇನೆ, ಮಾದರಿ ಎಂದರೆ ಹೀಗೆ ತೆಗೆಯಬೇಕು ಎಂದು. ನನಗೆ ಒಳಗೊಳಗೇ ಎಷ್ಟು ಹೆಮ್ಮೆಯಾಯಿತು ಎಂದರೆ ಆ ದಿನ ಮಧ್ಯಾಹ್ನ ಊಟ ಮಾಡುವುದನ್ನೇ ಮರೆತೆ.

ಅಣ್ಣನ ಬೂಷ್ಟಿನ ಮಾತ್ರೆ ನಿಲ್ಲಿಸಿದ್ದಾರೆ. ಈಗ ನರದ ಮೂಲಕ ಬೇರೆ ಔಷಧಿ ಹೋಗುತ್ತಿದೆ. ಹಳದಿ ಬಣ್ಣದ್ದು. ಅದನ್ನು ಹಾಕುವಾಗ ಮೈ ನಡುಗುತ್ತದೆ, ಎರಡು ಕಂಬಳಿ ಹೊದಿಸುತ್ತೇವೆ. ಹಳೆಯ ಔಷಧಿ, ಗಟ್ಟಿ ಔಷಧಿ. ಕಿಡ್ನಿಯ ಮೇಲೆ ಸ್ವಲ್ಪ ಕಣ್ಣಿಟ್ಟಿರಬೇಕು, ಅಷ್ಟೇ. ದಿನಾ ರಕ್ತ ಪರೀಕ್ಷೆ ಮಾಡುತ್ತಾರೆ.

ನಿನ್ನೆ ಸೂಪು ಕುಡಿದ, ಅರ್ಧ ಮೊಟ್ಟೆ ತಿಂದ. ಪಕ್ಕದ ಹಾಸಿಗೆಗೆ ಒಬ್ಬ ನಿವೃತ್ತ ಟೈಲರ್ ಬಂದಿದ್ದಾರೆ. ಅಣ್ಣ ಅವರಿಗೆ ಗುಲಾಬಿ ಕಸಿ ಕಟ್ಟುವುದನ್ನು ಹೇಳಿಕೊಡುತ್ತಿದ್ದಾನೆ, ಅವರು ಅಣ್ಣನಿಗೆ ಗುಂಡಿ ಹೊಲಿಯುವುದನ್ನು. ಇಲ್ಲಿ ಹವೆ ಬದಲಾಗಿದೆ, ಮಧ್ಯಾಹ್ನ ಸೆಕೆ. ನಿಮ್ಮ ಗೆಡ್ಡೆಗಳು ಮೊಳೆತವೇ?

ನಿಮ್ಮ
ಬೂಷ್ಟಮ್ಮ


ಮಾರ್ಚ್ ೯

ಬೂಷ್ಟಮ್ಮ,

ಟೈಲರ್ ಬಗ್ಗೆ ಬರೆದೆ. ಸೆಕೆಯ ಬಗ್ಗೆ ಬರೆದೆ. ನನ್ನ ಚೀಟಿಯನ್ನು ಹೊಗಳಿ ಅಟ್ಟಕ್ಕೇರಿಸಿದೆ. ಬಾಟಲಿಯೊಳಗೆ ಏನಿತ್ತು ಎಂದು ಒಂದು ಸಾಲಿಲ್ಲ.

ನಾನು ಮದುವೆಯಾಗಿ ಬಂದಾಗ ನಿನಗೆ ಹದಿಮೂರು ವರ್ಷ. ಪಿಂಗಾಣಿ ಬಟ್ಟಲು ಒಡೆದು ಹಾಕಿದ ದಿನ ನೀನು ನನಗೆ ಶಾಲೆಯ ಕಥೆಯನ್ನು ಒಂದು ಗಂಟೆ ಹೇಳಿದ್ದೆ. ನೀನು ಹೆಚ್ಚು ಮಾತಾಡಿದಾಗಲೇ ನನಗೆ ಹೆದರಿಕೆ.

ನಾನು ಎಂಥವಳು ಎಂದು ನಿನಗೆ ಗೊತ್ತು. ಹೇಳಿಬಿಡು.

ಅತ್ತಿಗೆ


ಮಾರ್ಚ್ ೧೫

ಅತ್ತಿಗೆ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಹರಿಯುವುದಿಲ್ಲ.

ನಮ್ಮಲ್ಲಿ ನಾಲ್ಕು ಮನೆಗಳಿರುವ ಸಣ್ಣ ತಟ್ಟೆಯೊಂದಿದೆ. ಮೂರು ಮನೆಗಳಲ್ಲಿ ಬೂಷ್ಟನ್ನು ಕೊಲ್ಲುವ ಮೂರು ಔಷಧಿ ಬೆರೆಸಿರುತ್ತೇವೆ, ನಾಲ್ಕನೆಯದರಲ್ಲಿ ಏನೂ ಇಲ್ಲ. ರೋಗಿಯ ಬೂಷ್ಟನ್ನು ನಾಲ್ಕರಲ್ಲೂ ಬಿತ್ತುತ್ತೇವೆ. ಔಷಧಿ ಕೆಲಸ ಮಾಡುವುದಾದರೆ ನಾಲ್ಕನೆಯ ಮನೆಯಲ್ಲಿ ಮಾತ್ರ ಬೆಳೆಯಬೇಕು. ಜನವರಿ ಕೊನೆಗೆ ಬಿತ್ತಿದ್ದ ಒಂದು ತಟ್ಟೆಯಲ್ಲಿ ನಾಲ್ಕೂ ಮನೆ ಬೂದುಹಸಿರಾಗಿ ತುಂಬಿಕೊಂಡಿತ್ತು. ತಟ್ಟೆಯ ಮೇಲೆ ಹೆಸರಿರುವುದಿಲ್ಲ, ನಂಬರ್ ಇರುತ್ತದೆ. ಅದು ಅಣ್ಣನ ನಂಬರ್. ನಿಮ್ಮನ್ನು ರಾಶಿ ಕೇಳಿದಾಗ ನನಗದು ಗೊತ್ತಿತ್ತು. ಅವತ್ತು ಮುಚ್ಚಿಡುವುದೇನಿದೆ ಎಂದು ಬರೆದೆನಲ್ಲ, ಆ ಸಾಲಿಗೆ ನನಗೀಗ ನಾಚಿಕೆಯಾಗುತ್ತದೆ. ದೊಡ್ಡ ಲ್ಯಾಬಿನಿಂದ ಖಚಿತವಾಗಲಿ ಎಂದು ಎಲ್ಲರೂ ಕಾಯುತ್ತಿದ್ದೆವು.

ಗೆಡ್ಡೆ ಅದ್ದುವ ಔಷಧಿಯೂ ಅಣ್ಣನ ಬೂಷ್ಟಿನ ಮಾತ್ರೆಯೂ ಒಂದೇ ಮನೆತನದವು, ಅತ್ತಿಗೆ. ದಾಯಾದಿಗಳು ಅನ್ನಿ. ಅಣ್ಣನಲ್ಲಿರುವ ಬೂಷ್ಟಿಗೂ ಗೆಡ್ಡೆಯ ರೋಗಕ್ಕೂ ಸಂಬಂಧವಿಲ್ಲ. ಅದು ಬೆಚ್ಚಗಿನ ರಾಶಿಯಲ್ಲಿ ಕೊಳೆತದ್ದನ್ನು ತಿಂದುಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಅದರ ಮೇಲೆ ಔಷಧಿಯ ನೀರು ಸ್ವಲ್ಪ ಸ್ವಲ್ಪವೇ ಬೀಳುತ್ತಿದ್ದರೆ, ಮೆತ್ತಗಿನವು ಸಾಯುತ್ತವೆ, ತಾಳಿಕೊಂಡವು ಉಳಿಯುತ್ತವೆ. ಉಳಿದವುಗಳ ಮಕ್ಕಳು ಮೊಮ್ಮಕ್ಕಳೇ ರಾಶಿ ತುಂಬಿಕೊಳ್ಳುತ್ತವೆ. ಅಂಥದ್ದು ಮನುಷ್ಯನ ಶ್ವಾಸಕೋಶಕ್ಕೆ ಹೋದರೆ, ನಮ್ಮ ಮಾತ್ರೆಗೆ ಅದು ಹೆದರುವುದೇ ಇಲ್ಲ.

ನಿಮ್ಮ ಎರಡನೆಯ ಬಾಟಲಿಯಲ್ಲಿ, ಮೊಣಕೈಯಾಳದ್ದರಲ್ಲಿ, ಅದೇ ಬೂಷ್ಟು ಸಿಕ್ಕಿತು. ನಾಲ್ಕೂ ಮನೆ ತುಂಬಿತು. ದೊಡ್ಡ ಲ್ಯಾಬಿನವರು ಎರಡರ ವಂಶವಾಹಿಗಳನ್ನೂ ಬಿಚ್ಚಿ ನೋಡಿ, ಒಂದೇ ಬಗೆಯ ಬದಲಾವಣೆ ಇದೆ ಎಂದಿದ್ದಾರೆ.

ಇಷ್ಟರಿಂದ ನಿಮ್ಮ ರಾಶಿಯಿಂದಲೇ ಬಂತು ಎಂದು ಯಾರೂ ಆಣೆ ಮಾಡಿ ಹೇಳಲಾರರು. ಇದೇ ಬಗೆಯದು ಬೇರೆ ತೋಟಗಳಲ್ಲೂ ಇದೆ, ಗಾಳಿಯಲ್ಲಿ ಎಷ್ಟೋ ದೂರ ಹಾರುತ್ತದೆ. ಇದನ್ನು ನಿಮ್ಮ ಸಮಾಧಾನಕ್ಕೆ ಹೇಳುತ್ತಿಲ್ಲ, ನಿಜವಾಗಿ ಗೊತ್ತಿರುವುದೇ ಇಷ್ಟು. ಇನ್ನೊಂದು ನಿಜವನ್ನೂ ಹೇಳುತ್ತೇನೆ. ಉಳಿದ ನೀರನ್ನು ಚರಂಡಿಗೆ ಬಿಟ್ಟು ಕೈತೊಳೆದುಕೊಂಡವರ ಮಧ್ಯೆ, ಬಾತುಕೋಳಿಗಾಗಿ ಭಾರ ಹೊತ್ತವರು ನೀವು. ರಾಶಿಗೆ ಸುರಿಯಬಾರದು ಎಂದು ನಿಮಗೆ ಯಾರೂ ಹೇಳಿರಲಿಲ್ಲ. ದಿನಾ ಬೂಷ್ಟು ನೋಡುವ ನಾನೂ, ನಿಮ್ಮ ಮನೆಗೆ ಬಂದಾಗಲೆಲ್ಲ ಆ ರಾಶಿಯ ಪಕ್ಕ ನಿಂತು ಕಾಫಿ ಕುಡಿದಿದ್ದೇನೆ.

ಅಣ್ಣನಿಗೆ ಇನ್ನೂ ಹೇಳಿಲ್ಲ.

ನಿಮ್ಮವಳೇ ಆದ
ಬೂಷ್ಟಮ್ಮ


ಮಾರ್ಚ್ ೨೯

ಅತ್ತಿಗೆ,

ಎರಡು ವಾರವಾಯಿತು, ನಿಮ್ಮಿಂದ ಒಂದಕ್ಷರವಿಲ್ಲ. ಪಕ್ಕದ ಮನೆಯಾಕೆಗೆ ಫೋನ್ ಮಾಡಿದೆ. "ಚೆನ್ನಾಗಿದಾರೆ, ಕೆಲಸ ಮಾಡ್ತಿದಾರೆ, ಮಾತು ಕಮ್ಮಿ" ಎಂದರು. ನಿಮ್ಮ ಮಾತು ಕಮ್ಮಿಯಾಗಿದೆ ಎಂದು ಕೇಳಿದೊಡನೆ ಈ ಕಾಗದ ಬರೆಯಲು ಕೂತೆ.

ಹಳದಿ ಔಷಧಿ ಬೂಷ್ಟನ್ನು ಹಿಡಿದಿದೆ, ಜ್ವರ ಇಳಿದಿದೆ. ಆದರೆ ಕಿಡ್ನಿ ಬಳಲುತ್ತಿದೆ. ಔಷಧಿ ಇನ್ನೂ ಎರಡು ಮೂರು ವಾರ ಬೇಕು, ಕಿಡ್ನಿ ಅಷ್ಟು ತಡೆಯುತ್ತದೆಯೇ ಎಂಬುದು ಪ್ರಶ್ನೆ. ದಿನಾ ಬೆಳಿಗ್ಗೆ ರಕ್ತದ ವರದಿ ಬರುವ ಹೊತ್ತಿಗೆ ನನ್ನ ಕೈ ತಾನಾಗಿ ನನ್ನ ಎಡ ಪಕ್ಕೆಗೆ ಹೋಗುತ್ತದೆ, ಅದು ಇನ್ನೂ ಅಲ್ಲೇ ಇದೆಯೇನೋ ಎಂಬಂತೆ.

ಬೈಯುವುದಾದರೂ ಬೈದು ಬರೆಯಿರಿ.

ನಿಮ್ಮ
ಬೂಷ್ಟಮ್ಮ


ಏಪ್ರಿಲ್ ೧೦

ನನ್ನ ಬೂಷ್ಟಮ್ಮನಿಗೆ,

ನಿನ್ನನ್ನು ಏಕೆ ಬೈಯಲಿ? ನಿಜ ಹೇಳುವ ಎದೆಗಾರಿಕೆ ಇರುವವಳು ನಮ್ಮ ಮನೆಯಲ್ಲಿ ಒಬ್ಬಳಾದರೂ ಇದ್ದಾಳಲ್ಲ ಎಂದು, ಅತ್ತ ಮೇಲೆ ಅನ್ನಿಸಿತು. ಅತ್ತದ್ದು ಹೌದು. ಗೆಡ್ಡೆ ಕೊಠಡಿಯಲ್ಲಿ, ಖಾಲಿ ಪೆಟ್ಟಿಗೆಯ ಮೇಲೆ ಕೂತು ಅತ್ತೆ. ಒಬ್ಬ ಮನುಷ್ಯ ಬದುಕಲಿ ಎಂದು ನೀನು ಮೈಯನ್ನೇ ಸೀಳಿಸಿಕೊಂಡೆ. ನಾನು ಅದೇ ಮನುಷ್ಯನ ಕೈಗೆ ಕವೆಗೋಲು ಕೊಟ್ಟು ಆ ರಾಶಿಯ ಮುಂದೆ ನಿಲ್ಲಿಸಿದೆ. ಇದನ್ನು ಎಷ್ಟು ತಿರುವಿ ಹಾಕಿದರೂ ಬೇರೆ ಥರ ಆಗುವುದಿಲ್ಲ.

ಆಮೇಲೆ ಎದ್ದು ಮುಖ ತೊಳೆದುಕೊಂಡೆ. ಹೂ ಬೆಳೆಗಾರರ ಸಂಘದ ತಿಂಗಳ ಸಭೆ ಬರುವುದಿತ್ತು. ನಾನು ಎದ್ದು ಮಾತಾಡಿದವಳೇ ಅಲ್ಲ, ಅವರು ಆಡುವುದು ನನಗೆ ಕೇಳಿಸುವುದೂ ಇಲ್ಲ. ಆ ದಿನ ಪುಸ್ತಕ ತಗೊಂಡು ಹೋಗಿ ಮುಂದಿನ ಮೇಜಿನ ಹತ್ತಿರ ನಿಂತೆ. ಹನ್ನೊಂದು ವರ್ಷದ್ದನ್ನೂ ಓದಿದೆ. ದಿನ, ಔಷಧಿಯ ಹೆಸರು, ಎರಡು ಬಕೆಟ್, ರಾಶಿಗೆ. ದಿನ, ಔಷಧಿಯ ಹೆಸರು, ಎರಡು ಬಕೆಟ್, ರಾಶಿಗೆ. ಕೊನೆಗೆ ನಿನ್ನ ಕಾಗದದ ನಾಲ್ಕು ಮನೆಯ ತಟ್ಟೆಯ ಭಾಗವನ್ನು ಓದಿದೆ. "ನಮ್ಮ ಯಜಮಾನರು ಆಸ್ಪತ್ರೆಯಲ್ಲಿದ್ದಾರೆ. ಇದು ನಾನು ಮಾಡಿದ್ದು ಇರಬಹುದು, ಇಲ್ಲದೇನೂ ಇರಬಹುದು. ನಿಮ್ಮ ರಾಶಿ ನೀವು ನೋಡ್ಕೊಳ್ಳಿ" ಎಂದು ಹೇಳಿ ಕೂತೆ.

ಔಷಧಿ ಅಂಗಡಿಯವರು ಎದ್ದು ಏನೋ ಹೇಳಿದರು. ನನಗೆ ಕೇಳಿಸಲಿಲ್ಲ, ಕಿವುಡಿನಿಂದ ಒಂದೊಂದು ಸಲ ಉಪಯೋಗವೂ ಇದೆ. ನನಗೆ ಎದ್ದು ಓಡಿಹೋಗಬೇಕು ಅನ್ನಿಸಿತು. ಆಗ ಹಿಂದಿನ ಬೆಂಚಿನಿಂದ ಗುಲಾಬಿ ಬೆಳೆಯುವ ಮುದುಕ ಎದ್ದು ಬಂದ. ಯಾರಿಗೂ ತಲೆಬಾಗದ ಆಸಾಮಿ, ನನ್ನ ಜೊತೆ ನೀರಿನ ಸರದಿಗೆ ಎಷ್ಟೋ ಸಲ ಕಾಲು ಕೆರೆದು ಜಗಳ ಮಾಡಿದವನು. ನನ್ನ ಬಲಗಿವಿಗೆ ಬಾಯಿಟ್ಟು, "ಬಾಟಲಿಗೆ ಹೇಗಮ್ಮ ತುಂಬೋದು? ತೋರಿಸ್ಕೊಡು" ಎಂದ.

ಇದರ ಜೊತೆ ಬಂದಿರುವ ಪೆಟ್ಟಿಗೆಯಲ್ಲಿ ಇಪ್ಪತ್ತಮೂರು ತೋಟದ ರಾಶಿ ಇದೆ. ಎಲ್ಲರಿಗೂ ಮಾಸ್ಕ್ ಹಾಕಿಸಿದ್ದೆ. ಚೀಟಿಗಳ ಅಕ್ಷರ ಕಾಗೆಕಾಲು ಗುಬ್ಬಿಕಾಲು, ಆದರೆ ಆಳ, ಹೊತ್ತು ಎಲ್ಲ ಸರಿಯಾಗಿ ಬರೆಸಿದ್ದೇನೆ. ನಾನೀಗ ಔಷಧಿ ಬಿಟ್ಟು ಗೆಡ್ಡೆಯನ್ನು ಬಿಸಿನೀರಿನಲ್ಲಿ ಅದ್ದಿ ನೋಡುತ್ತಿದ್ದೇನೆ. ಒಂದಷ್ಟು ಕೊಳೆತವು, ಹೆಚ್ಚಿನವು ಮೊಳೆತಿವೆ. ನಮ್ಮ ರಾಶಿಗೆ ದಪ್ಪ ಹೊದಿಕೆ ಹಾಕಿ ಬಿಗಿದಿದ್ದೇನೆ. ಅದನ್ನು ಏನು ಮಾಡಬೇಕು ಎಂದು ನಿಮ್ಮ ದೊಡ್ಡ ಲ್ಯಾಬಿನವರು ಹೇಳುವವರೆಗೆ ಯಾರೂ ಮುಟ್ಟುವುದಿಲ್ಲ.

ಒಳಗೆ ಅಂಟಿಸಿದ ಲಕೋಟೆಯೊಂದಿದೆ, ಅದು ನಿನ್ನ ಅಣ್ಣನಿಗೆ. ನೀನು ಹೇಳಬೇಡ. ಮಾಡಿದವಳು ನಾನು, ಹೇಳುವವಳೂ ನಾನೇ. ಎಲ್ಲ ಬರೆದಿದ್ದೇನೆ. ಓದಿದ ಮೇಲೆ ಅವರ ಮುಖ ಹೇಗಿತ್ತು ಎಂದು ಮಾತ್ರ ನನಗೆ ಬರೆ. ಅದನ್ನು ನೋಡುವ ಧೈರ್ಯ ನನಗಿಲ್ಲ, ಅದಕ್ಕೇ ಬರಲಿಲ್ಲ. ಗೆಡ್ಡೆಯ ನೆಪ ಮುಗಿದು ಬಹಳ ದಿನವಾಯಿತು.

ನಿನ್ನ
ಅತ್ತಿಗೆ


ಏಪ್ರಿಲ್ ೧೯

ಅತ್ತಿಗೆ,

ಮೊದಲು ಬೇಕಾದದ್ದನ್ನು ಮೊದಲು ಹೇಳುತ್ತೇನೆ. ಹಳದಿ ಔಷಧಿ ಮೊನ್ನೆಗೆ ಮುಗಿಯಿತು. ಎದೆಯ ಸ್ಕ್ಯಾನ್ ಚಿತ್ರದಲ್ಲಿ ಬೂಷ್ಟಿನ ಕಲೆ ಕುಗ್ಗಿ ಉಗುರಿನಷ್ಟಾಗಿದೆ. ಕಿಡ್ನಿ ಪೂರ್ತಿ ಮೊದಲಿನಂತಿಲ್ಲ, ಆದರೆ ಕೆಲಸ ಮಾಡುತ್ತಿದೆ. ನಮ್ಮ ಕಡೆಯದು, ಅಷ್ಟು ಸುಲಭಕ್ಕೆ ಸೋಲುವುದಿಲ್ಲ.

ನಿಮ್ಮ ಲಕೋಟೆಯನ್ನು ಅಣ್ಣನಿಗೆ ಕೊಟ್ಟು ಕಿಟಕಿಯ ಹತ್ತಿರ ನಿಂತಿದ್ದೆ. ಓದಿದ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ನೀವು ಕೇಳಿದಿರಲ್ಲ, ಮುಖ ಹೇಗಿತ್ತು ಎಂದು. ಗೆಡ್ಡೆ ಆರಿಸುವಾಗ ಕೊಳೆತದ್ದೊಂದು ಒಳ್ಳೆಯ ಪೆಟ್ಟಿಗೆಯಲ್ಲಿ ಸಿಕ್ಕರೆ ಹುಬ್ಬು ಗಂಟು ಹಾಕುತ್ತಾನಲ್ಲ, ಹಾಗೆ.

"ಇದರಲ್ಲಿ ಒಂದು ತಪ್ಪಿದೆ" ಎಂದ.

"ಏನಣ್ಣ?" ಎಂದೆ.

"ಹನ್ನೊಂದು ವರ್ಷ ಎರಡು ಬಕೆಟ್ ನಾನೇ ಹೊತ್ತೆ ಅಂತ ಬರೆದಿದ್ದಾಳೆ. ಎರಡನ್ನೂ ಅವಳು ಹೊತ್ತಿದ್ದು ನನಗೆ ಆಪರೇಷನ್ ಆದಮೇಲೆ. ಅದಕ್ಕೂ ಮುಂಚೆ ಒಂಬತ್ತು ವರ್ಷ ಒಂದು ಅವಳ ಕೈಲಿ, ಒಂದು ನನ್ನ ಕೈಲಿ. ಸಂಜೆ ಆ ನಲವತ್ತೆರಡು ಹೆಜ್ಜೆ ಜೊತೆಗೇ ನಡೀತಿದ್ವಿ. ದಿನಕ್ಕೆ ಅಷ್ಟೇ ನಮಗೆ ಸಿಗ್ತಿದ್ದ ಪುರುಸೊತ್ತು."

ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಟೈಲರ್ ಹೇಳಿಕೊಟ್ಟಂತೆ ತಾನೇ ಗುಂಡಿ ಹೊಲಿದುಕೊಂಡ ಅಂಗಿಯ ಜೇಬಿನಲ್ಲಿಟ್ಟುಕೊಂಡ. "ಸಭೆಲಿ ಎಲ್ರ ಮುಂದೆ ಓದಿದ್ದಾಳಂತೆ ತಪ್ಪು ಲೆಕ್ಕ! ಅವಳ ಪುಸ್ತಕದಲ್ಲಿ ತಪ್ಪಿರಬಾರದು" ಎಂದು ಗೊಣಗಿದ. ಕಣ್ಣು ಒದ್ದೆಯಾಗಿತ್ತು, ನಾನು ನೋಡಿಲ್ಲ ಎಂದುಕೊಂಡ.

ಮಂಗಳವಾರ ಬಿಡುತ್ತಾರೆ. ರಾಶಿಯ ವಿಷಯ ತೀರ್ಮಾನವಾಗುವವರೆಗೆ ಅಣ್ಣ ನನ್ನ ಮನೆಯಲ್ಲಿರುತ್ತಾನೆ. ನೀವು ಬನ್ನಿ. ಬರುವಾಗ ಪುಸ್ತಕ ತನ್ನಿ, ಹನ್ನೊಂದು ವರ್ಷದ್ದೂ ಬೇಕಂತೆ. ಎರಡನೇ ಬಕೆಟ್ಟಿನ ಮುಂದೆ ತನ್ನ ಹೆಸರು ಬರೆಯಲು ಪೆನ್ನು ತರಿಸಿಟ್ಟುಕೊಂಡಿದ್ದಾನೆ.

ನಿಮ್ಮ
ಬೂಷ್ಟಮ್ಮ